ರೋಗನಿದಾನ ಮತ್ತು ಅಂಗಾಂಶ ಪರೀಕ್ಷೆ

ರೋಗಿಯನ್ನು ಕಾಡುತ್ತಿರುವ ಕಾಯಿಲೆ ಯಾವುದು, ದೇಹದ ಯಾವ ಭಾಗದಲ್ಲಿ ನೆಲೆಸಿದೆ, ಏಕೆ ಬಂತು, ಎಷ್ಟು ದೂರ ಹಬ್ಬಿದೆ ಎಂಬುದನ್ನು ಗೊತ್ತುಪಡಿಸುವ ಕೆಲಸಕ್ಕೆ ರೋಗನಿದಾನ ಎಂದು ಹೆಸರು. ಅಲ್ಪಪ್ರಾಣದ ‘ನಿದಾನ’ ಎಂದರೆ ಮೂಲಕಾರಣ. ಮಹಾಪ್ರಾಣದ ‘ನಿಧಾನ’ದೊಡನೆ ಇದನ್ನು ಬೆರೆಸಿ ಬರೆಯುವುದು ಪತ್ರಿಕೆಗಳಲ್ಲೂ ಕಾಣುವ ತಪ್ಪು. ಆಯುರ್ವೇದದಲ್ಲಿ ಈ ಪದ ಬಹಳ ಹಳೆಯದು. ಚರಕಸಂಹಿತೆಯ ಎರಡನೆಯ ಭಾಗವೇ ನಿದಾನಸ್ಥಾನ. ಮಾಧವಕರನ ಮಾಧವನಿದಾನ ಇಡಿಯಾಗಿ ರೋಗವನ್ನು ಗುರುತಿಸುವುದಕ್ಕೇ ಮೀಸಲಾದ ಗ್ರಂಥ. ಅಷ್ಟಾಂಗಹೃದಯ ಹೇಳುವ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಪರೀಕ್ಷೆಗಳು, ಅಂದರೆ ನೋಡುವುದು, ಮುಟ್ಟುವುದು, ಕೇಳುವುದು, ಇಂದಿನ ಆಸ್ಪತ್ರೆಯ ವಾರ್ಡಿನಲ್ಲೂ ಮೊದಲ ಹೆಜ್ಜೆಗಳೇ.

ಆಧುನಿಕ ಆಸ್ಪತ್ರೆಯಲ್ಲಿ ನಿದಾನಕ್ಕೆ ಎರಡು ನೆಲೆಗಳಿವೆ. ಒಂದು ರೋಗಿಯ ಹಾಸಿಗೆಯ ಪಕ್ಕ. ಅಲ್ಲಿ ನಡೆಯುವುದು ಕ್ಲಿನಿಕಲ್ ನಿದಾನ. ಇನ್ನೊಂದು ಪೆಥಾಲಜಿ ವಿಭಾಗದ ಸೂಕ್ಷ್ಮದರ್ಶಕದ ಮೇಜು; ಅಲ್ಲಿ ನಡೆಯುವುದು ಅಂಗಾಂಶ ನಿದಾನ. ‘ಬಯಾಪ್ಸಿ ರಿಪೋರ್ಟ್ ಬಂದ ಮೇಲೆ ಎಲ್ಲ ಗೊತ್ತಾಗುತ್ತೆ’ ಎಂದು ವೈದ್ಯರೂ ಹೇಳುತ್ತಾರೆ, ರೋಗಿಯ ಮನೆಯವರೂ ನಂಬುತ್ತಾರೆ. ಇದು ಪೂರ್ತಿ ನಿಜವಲ್ಲ. ಗಾಜಿನ ಪಟ್ಟಿಯ ಮೇಲಿನ ಚೂರು ಯಾರದು, ದೇಹದ ಯಾವ ಜಾಗದ್ದು, ಗಂಟು ಎಷ್ಟು ತಿಂಗಳಿಂದ ಇದೆ ಎಂಬುದು ತಿಳಿಯದಿದ್ದರೆ ಎಷ್ಟೇ ನುರಿತ ಪೆಥಾಲಜಿಸ್ಟನಿಗೂ ಅದು ಅರ್ಧ ಮಾತ್ರ ಓದಲು ಸಿಗುವ ಪುಟ.

ಹಾಸಿಗೆಯ ಪಕ್ಕದಲ್ಲಿ

ರೋಗಿಯ ಮಾತಿಗೆ ಕಿವಿಗೊಡುವುದರ ಬೆಲೆಯನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. 1975ರಲ್ಲಿ ಬ್ರಿಟನ್ನಿನ ಹ್ಯಾಂಪ್ಟನ್ ಮತ್ತು ಸಂಗಡಿಗರು ಹೊರರೋಗಿ ವಿಭಾಗಕ್ಕೆ ಬಂದ 80 ಮಂದಿಯನ್ನು ಹೀಗೆ ಗಮನಿಸಿದರು. ಕಳಿಸಿದ ವೈದ್ಯರ ಪತ್ರ ಓದಿ, ರೋಗಿಯ ವೃತ್ತಾಂತ ಕೇಳಿದ ಹಂತದಲ್ಲಿಯೇ 66 ಮಂದಿಯ ಕಾಯಿಲೆ ಸರಿಯಾಗಿ ಗೊತ್ತಾಗಿತ್ತು. ಮೈ ಮುಟ್ಟಿ ಪರೀಕ್ಷಿಸಿದ್ದರಿಂದ 7 ಮಂದಿಯಲ್ಲಿ, ಪ್ರಯೋಗಾಲಯದ ಪರೀಕ್ಷೆಯಿಂದ ಮತ್ತೆ 7 ಮಂದಿಯಲ್ಲಿ ಮಾತ್ರ ಅಭಿಪ್ರಾಯ ಬದಲಾಯಿತು. ಸ್ಕ್ಯಾನುಗಳ ಈ ಕಾಲದಲ್ಲೂ ಯಾವ ಸ್ಕ್ಯಾನು ಬೇಕು ಎಂದು ತೀರ್ಮಾನಿಸುವುದು ಆ ಮೊದಲ ಹತ್ತು ನಿಮಿಷದ ಮಾತುಕತೆಯೇ.

ಕೊರಳಲ್ಲಿ ಗಂಟು ಎಂದು ಬಂದವರ ಪರೀಕ್ಷೆಯನ್ನು ಹತ್ತಿರದಿಂದ ನೋಡಿದರೆ ಈ ಕೆಲಸದ ಬಗೆ ತಿಳಿಯುತ್ತದೆ. ವೈದ್ಯ ರೋಗಿಯನ್ನು ಸ್ಟೂಲಿನ ಮೇಲೆ ಕೂರಿಸಿ ಹಿಂದೆ ನಿಲ್ಲುತ್ತಾನೆ. ಕೊರಳು ಸಡಿಲವಾಗಲೆಂದು ತಲೆಯನ್ನು ತುಸು ಬಗ್ಗಿಸಿ, ಎರಡೂ ಕೈಯ ಬೆರಳತುದಿಗಳನ್ನು ಗಲ್ಲದ ಕೆಳಗಿನಿಂದ ದವಡೆಯ ಅಂಚಿಗೆ, ಕಿವಿಯ ಹಿಂದಕ್ಕೆ, ಕೊರಳಿನ ಉದ್ದಕ್ಕೆ, ಕೊನೆಗೆ ಕೊರಳೆಲುಬಿನ ಮೇಲಿನ ಕುಳಿಗೆ ಇಳಿಸುತ್ತಾನೆ. ನಾಲ್ಕಾರು ಗಂಟುಗಳು ಒಂದಕ್ಕೊಂದು ಬೆಸೆದುಕೊಂಡಿದ್ದರೆ ಕ್ಷಯದ ಸಂಶಯ. ರಬ್ಬರಿನಂತೆ ಪುಟಿದು, ಒಂದೊಂದಾಗಿ ಜಾರಿದರೆ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ನೆನಪಾಗಬೇಕು. ಕಲ್ಲಿನಂತೆ ಗಟ್ಟಿಯಾಗಿ, ಅಲುಗಾಡದೆ ಕೂತಿದ್ದರೆ ಬೇರೆಲ್ಲಿಂದಲೋ ಬಂದು ಸೇರಿದ ಕ್ಯಾನ್ಸರ್ ಇರಬಹುದು. ಆಗ ಬಾಯಿ ತೆರೆಸಿ ನಾಲಗೆಯ ಅಡಿ, ಕೆನ್ನೆಯ ಒಳಮೈ ನೋಡಬೇಕು. ಹೊಗೆಸೊಪ್ಪು, ಅಡಿಕೆ, ಗುಟ್ಕಾ ಹಾಕುತ್ತಾರೆಯೇ ಎಂದು ಕೇಳಬೇಕು. ಎಡಗಡೆಯ ಕೊರಳೆಲುಬಿನ ಮೇಲೆ ಒಂಟಿ ಗಟ್ಟಿ ಗಂಟು ಸಿಕ್ಕರೆ ಕೈ ಹೊಟ್ಟೆಯತ್ತ ಹೋಗಬೇಕು. ಜಠರದ ಕ್ಯಾನ್ಸರ್ ಅಲ್ಲಿಯವರೆಗೆ ಏರಿ ಬರುತ್ತದೆ. ಆ ಗ್ರಂಥಿಗೆ ವಿರ್ಖೋ ಗ್ರಂಥಿ ಎಂದೇ ಹೆಸರು. ಸಂಜೆ ಜ್ವರ ಬರುತ್ತದೆಯೇ, ರಾತ್ರಿ ಬೆವರಿ ಬಟ್ಟೆ ಒದ್ದೆಯಾಗುತ್ತದೆಯೇ, ತೂಕ ಇಳಿದಿದೆಯೇ, ಮನೆಯಲ್ಲಿ ಯಾರಿಗಾದರೂ ಹಳೆಯ ಕೆಮ್ಮಿದೆಯೇ ಎಂಬ ಪ್ರಶ್ನೆಗಳು ಇದರ ಜೊತೆಗೇ ಸಾಗುತ್ತವೆ. ಹೀಗೆ ಕೈಗೆ, ಕಣ್ಣಿಗೆ, ಕಿವಿಗೆ ಸಿಕ್ಕ ಸುಳಿವುಗಳಿಂದ ನಾಲ್ಕೈದು ಸಾಧ್ಯತೆಗಳ ಪಟ್ಟಿ ಹುಟ್ಟುತ್ತದೆ. ಇದಕ್ಕೆ ಭೇದನಿದಾನ ಎನ್ನುತ್ತಾರೆ. ಅಂಗಾಂಶ ಪರೀಕ್ಷೆ ಉತ್ತರಿಸುವುದು ಈ ಪಟ್ಟಿ ಎತ್ತುವ ಪ್ರಶ್ನೆಗೆ.

ಬೆರಳಿನಿಂದ ಬಡಿದು ಎದೆಯೊಳಗಿನ ಸ್ಥಿತಿ ತಿಳಿಯುವ ವಿದ್ಯೆ ವಿಯೆನ್ನಾದ ಲಿಯೋಪೋಲ್ಡ್ ಔವೆನ್‌ಬ್ರುಗರ್‌ನದು. ಅವನ ತಂದೆ ವಸತಿಗೃಹ ನಡೆಸುತ್ತಿದ್ದವನು. ಪೀಪಾಯಿಯನ್ನು ಬಡಿದು ಒಳಗೆಷ್ಟು ಮದ್ಯ ಉಳಿದಿದೆ ಎಂದು ತಿಳಿಯುವುದನ್ನು ಮಗ ಕಂಡಿದ್ದ ಎಂಬ ಮಾತು ವೈದ್ಯಕೀಯ ಚರಿತ್ರೆಯಲ್ಲಿ ಪ್ರಸಿದ್ಧ. ನೀರು ತುಂಬಿದ ಎದೆ ಮಂಕಾಗಿ ಸದ್ದು ಮಾಡುತ್ತದೆ, ಗಾಳಿ ತುಂಬಿದ್ದು ಟೊಳ್ಳು ಸದ್ದು ಕೊಡುತ್ತದೆ. 1761ರಲ್ಲಿ ಅವನು ಪ್ರಕಟಿಸಿದ ಪುಟ್ಟ ಪುಸ್ತಕಕ್ಕೆ ಹೆಚ್ಚಿನ ಗಮನ ದೊರೆತದ್ದು 1808ರಲ್ಲಿ, ನೆಪೋಲಿಯನ್ನನ ವೈದ್ಯ ಕಾರ್ವಿಸಾರ್ ಅದನ್ನು ಫ್ರೆಂಚಿಗೆ ತಂದಾಗ. 1816ರಲ್ಲಿ ಪ್ಯಾರಿಸ್ಸಿನ ರೆನೆ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಸ್ಟೆತಸ್ಕೋಪ್ ಹುಟ್ಟಿದ್ದು ಹಾಗೆ. ಅವನ ದೊಡ್ಡತನ ಇರುವುದು ಆ ಸುರುಳಿಯಲ್ಲಿ ಅಷ್ಟಾಗಿ ಅಲ್ಲ. ಬದುಕಿದ್ದಾಗ ಕೇಳಿದ ಸದ್ದನ್ನು ಬರೆದಿಟ್ಟುಕೊಂಡು, ರೋಗಿ ಸತ್ತ ಮೇಲೆ ಅದೇ ಎದೆಯನ್ನು ತೆರೆದು ಶ್ವಾಸಕೋಶದ ಸ್ಥಿತಿಯೊಡನೆ ಹೋಲಿಸಿದ ಅವನ ಶಿಸ್ತಿನಲ್ಲಿದೆ.

ಶವ ಕಲಿಸಿದ ಪಾಠ

ಔವೆನ್‌ಬ್ರುಗರ್‌ನ ಪುಸ್ತಕ ಬಂದ 1761ರಲ್ಲಿಯೇ ಪಾದುವಾದ ಜೊವಾನ್ನಿ ಬಟಿಸ್ಟಾ ಮೊರ್ಗಾನ್ಯಿ ತನ್ನ 79ನೆಯ ವಯಸ್ಸಿನಲ್ಲಿ ಸುಮಾರು 700 ರೋಗಿಗಳ ವೃತ್ತಾಂತ ಮತ್ತು ಶವಪರೀಕ್ಷೆಗಳನ್ನು ಜೊತೆಗಿಟ್ಟು ಮಹಾಗ್ರಂಥವನ್ನು ಹೊರತಂದ. ಕಾಯಿಲೆ ಎಂದರೆ ಇಡೀ ದೇಹದ ರಸಗಳ ಏರುಪೇರು ಎಂಬ ಯೂರೋಪಿನ ಹಳೆಯ ನಂಬಿಕೆ ಅಲ್ಲಿಂದ ಸಡಿಲವಾಯಿತು. ಕಾಯಿಲೆಗೆ ಒಂದು ಜಾಗ ಉಂಟು, ಅದು ಒಂದು ಅಂಗದಲ್ಲಿ ಕೂತಿರುತ್ತದೆ ಎಂಬ ತಿಳಿವು ಬಂತು. ಫ್ರಾನ್ಸಿನ ಬಿಷಾ ಅಂಗವನ್ನೂ ದಾಟಿ, ಅಂಗಗಳೆಲ್ಲ 21 ಬಗೆಯ ಅಂಗಾಂಶಗಳಿಂದ ನೇಯಲ್ಪಟ್ಟಿವೆ ಎಂದ, ಅದೂ ಸೂಕ್ಷ್ಮದರ್ಶಕ ಮುಟ್ಟದೆ. ಅವನು 1802ರಲ್ಲಿ ಕೇವಲ 30ನೆಯ ವಯಸ್ಸಿನಲ್ಲಿ ತೀರಿಕೊಂಡ. ಬರ್ಲಿನ್ನಿನ ರುಡಾಲ್ಫ್ ವಿರ್ಖೋ 1858ರಲ್ಲಿ ಪ್ರಕಟಿಸಿದ ಜೀವಕೋಶ ರೋಗವಿಜ್ಞಾನದ ಉಪನ್ಯಾಸಗಳು ರೋಗದ ನೆಲೆಯನ್ನು ಜೀವಕೋಶಕ್ಕೇ ತಂದು ನಿಲ್ಲಿಸಿದವು. ಅಂಗ, ಅಂಗಾಂಶ, ಜೀವಕೋಶ ಎಂದು ನೂರು ವರ್ಷದಲ್ಲಿ ಹೀಗೆ ಮೂರು ಮೆಟ್ಟಿಲು ಇಳಿದದ್ದಾಯಿತು.

ಬದುಕಿರುವ ರೋಗಿಯ ಅಂಗಾಂಶವನ್ನೇ ತೆಗೆದು ನೋಡುವುದಕ್ಕೆ ಬಯಾಪ್ಸಿ ಎಂಬ ಹೆಸರು ಕೊಟ್ಟವನು ಫ್ರೆಂಚ್ ಚರ್ಮವೈದ್ಯ ಅರ್ನೆಸ್ಟ್ ಬೆನ್ಯೇ, 1879ರಲ್ಲಿ.

ಚೂರಿನ ಪಯಣ

ಬಯಾಪ್ಸಿಯಲ್ಲಿ ಹಲವು ಬಗೆ. ಸಣ್ಣ ಗಂಟನ್ನು ಇಡಿಯಾಗಿ ತೆಗೆಯಬಹುದು, ದೊಡ್ಡದರಲ್ಲಿ ಒಂದು ತುಂಡನ್ನು ಕತ್ತರಿಸಬಹುದು, ದಪ್ಪ ಸೂಜಿಯಿಂದ ದಾರದಂಥ ಎಳೆಯನ್ನು ಎಳೆಯಬಹುದು, ಎಂಡೋಸ್ಕೋಪಿನ ತುದಿಯ ಚಿಮಟದಿಂದ ಕರುಳಿನ ಒಳಪದರವನ್ನು ಚಿವುಟಬಹುದು. ತೆಳು ಸೂಜಿಯಿಂದ ಕೋಶಗಳನ್ನಷ್ಟೇ ಹೀರಿ ಗಾಜಿನ ಮೇಲೆ ಹರಡುವ ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ, ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ದಿನಬಳಕೆಯ ಮಾತು. ಖರ್ಚು ಕಡಿಮೆ, ಅರಿವಳಿಕೆ ಬೇಡ, ಫಲಿತಾಂಶ ಬೇಗ. ಥೈರಾಯ್ಡ್, ಸ್ತನ, ಕೊರಳ ಗ್ರಂಥಿಗಳಲ್ಲಿ ಇದರಿಂದ ಬಹಳ ಉಪಕಾರ. ಆದರೆ ಲಿಂಫೋಮಾದ ಸಂಶಯವಿದ್ದರೆ ಗ್ರಂಥಿಯನ್ನು ಇಡಿಯಾಗಿ ತೆಗೆಯುವುದೇ ಮೇಲು. ಅಲ್ಲಿ ಬಿಡಿ ಕೋಶಗಳಷ್ಟೇ ಸಾಲದು, ಅವು ಒಟ್ಟುಗೂಡಿ ಕೂತಿರುವ ವಿನ್ಯಾಸವೂ ಬೇಕು.

ತೆಗೆದ ತುಂಡು ಕೊಳೆಯದಂತೆ ಕೂಡಲೇ ಫಾರ್ಮಲಿನ್‌ಗೆ ಬೀಳಬೇಕು. ಬಳಸುವುದು ಶೇ. 10ರ ದ್ರಾವಣ; ತುಂಡಿನ ಗಾತ್ರಕ್ಕಿಂತ ಕನಿಷ್ಠ ಹತ್ತು ಪಟ್ಟು ಇರಬೇಕು. ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಕ್ಷಯದ ಸಂಶಯವಿದ್ದಾಗ ಗ್ರಂಥಿಯ ಒಂದು ಪಾಲನ್ನು ಫಾರ್ಮಲಿನ್‌ಗೆ ಹಾಕದೆ ಬರೀ ಸಲೈನಿನಲ್ಲಿ ಬೇರೆ ಕಳಿಸಬೇಕು. ಫಾರ್ಮಲಿನ್‌ ಬಿದ್ದ ಕೂಡಲೇ ಬ್ಯಾಕ್ಟೀರಿಯಾ ಸಾಯುತ್ತದೆ, ಕಲ್ಚರ್ ಬೆಳೆಯುವುದಿಲ್ಲ, ಯಾವ ಔಷಧಕ್ಕೆ ರೋಗ ಬಗ್ಗುತ್ತದೆ ಎಂದು ತಿಳಿಯುವ ದಾರಿ ಕಿರಿದಾಗುತ್ತದೆ. ಇಡೀ ಗ್ರಂಥಿಯನ್ನು ಒಂದೇ ಡಬ್ಬಿಯಲ್ಲಿ ಮುಳುಗಿಸಿ ಕಳಿಸುವುದು ಇಂದಿಗೂ ನಡೆಯುತ್ತಿರುವ, ಸುಲಭವಾಗಿ ತಪ್ಪಿಸಬಹುದಾದ ನಷ್ಟ.

ಪ್ರಯೋಗಾಲಯದಲ್ಲಿ ಪೆಥಾಲಜಿಸ್ಟ್ ಮೊದಲು ಬರಿಗಣ್ಣಿನಿಂದ ನೋಡುತ್ತಾನೆ: ಅಳತೆ, ಬಣ್ಣ, ಕೊಯ್ದಾಗಿನ ಗಟ್ಟಿತನ, ಅಂಚು. ಸ್ತನದ ಗಡ್ಡೆಯನ್ನು ಇಡಿಯಾಗಿ ತೆಗೆದು ಕಳಿಸಿದ್ದರೆ ಅದರ ಹೊರಮೈಗೆ ಬೇರೆ ಬೇರೆ ಬಣ್ಣದ ಮಸಿ ಬಳಿಯುತ್ತಾರೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕೋಶ ಆ ಮಸಿಯನ್ನು ಮುಟ್ಟಿದೆಯೇ ಎಂದು ನೋಡಿದರೆ ಶಸ್ತ್ರಚಿಕಿತ್ಸಕ ಗಡ್ಡೆಯನ್ನು ಪೂರ್ತಿ ತೆಗೆದಿದ್ದಾನೆಯೇ ಎಂಬುದು ತಿಳಿಯುತ್ತದೆ. ಆಯ್ದ ಚೂರುಗಳಿಂದ ಆಲ್ಕೊಹಾಲ್ ನೀರನ್ನು ಹೊರಗೆಳೆಯುತ್ತದೆ, ಜೈಲೀನ್ ಆಲ್ಕೊಹಾಲನ್ನು ತೆಗೆಯುತ್ತದೆ, ಆ ಜಾಗಕ್ಕೆ ಕರಗಿದ ಪ್ಯಾರಫಿನ್ ಮೇಣ ನುಗ್ಗುತ್ತದೆ. ಆರಿದ ಮೇಣದ ಈ ಇಟ್ಟಿಗೆಗೆ ಬ್ಲಾಕ್ ಎಂದು ಹೆಸರು.

ಇನ್ನು ತಂತ್ರಜ್ಞರ ಕೈಚಳಕ. ಬ್ಲಾಕನ್ನು ಮೈಕ್ರೋಟೋಮ್ ಯಂತ್ರಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದಂತೆ 3ರಿಂದ 5 ಮೈಕ್ರಾನ್ ದಪ್ಪದ ಪದರಗಳು ಒಂದಕ್ಕೊಂದು ಅಂಟಿ ರಿಬ್ಬನ್ನಿನಂತೆ ಹೊರಬರುತ್ತವೆ. ಒಂದು ಕೆಂಪು ರಕ್ತಕಣದ ಅಗಲಕ್ಕಿಂತಲೂ ಇದು ಕಡಿಮೆ. ಆ ರಿಬ್ಬನ್ನನ್ನು ಕುಂಚದ ತುದಿಯಿಂದ ಎತ್ತಿ ಬೆಚ್ಚನೆಯ ನೀರಿನ ಮೇಲೆ ತೇಲಬಿಟ್ಟರೆ ಸುಕ್ಕುಗಳೆಲ್ಲ ಬಿಚ್ಚಿಕೊಂಡು ಹರವಾಗುತ್ತದೆ. ಗಾಜಿನ ಪಟ್ಟಿಯನ್ನು ನೀರೊಳಗೆ ಓರೆಯಾಗಿ ಇಳಿಸಿ, ತೇಲುವ ಪದರವನ್ನು ಅದರ ಮೇಲೇರಿಸಿಕೊಂಡು ಎತ್ತುತ್ತಾರೆ. ಉಸಿರು ಜೋರಾಗಿ ಬಿಟ್ಟರೂ ಪದರ ಹಾರಿಹೋಗುತ್ತದೆ. ವರದಿಯ ಕೆಳಗೆ ಈ ಕೈಗಳ ಹೆಸರು ಇರುವುದಿಲ್ಲ. ಆದರೆ ಮಡಿಕೆ ಬಿದ್ದ, ಹರಿದ ಪದರದಿಂದ ಯಾರೂ ಸರಿಯಾದ ನಿದಾನ ಹೇಳಲಾರರು.

ಬಣ್ಣ ಹಾಕದ ಪದರ ಬಹುಮಟ್ಟಿಗೆ ಪಾರದರ್ಶಕ. ಹೆಮಟಾಕ್ಸಿಲಿನ್, ಇಯೋಸಿನ್ ಎಂಬ ಎರಡು ಬಣ್ಣಗಳ ಜೋಡಿ 1870ರ ದಶಕದಿಂದ ಇಂದಿನವರೆಗೂ ಜಗತ್ತಿನ ಎಲ್ಲ ಪೆಥಾಲಜಿ ವಿಭಾಗಗಳ ಮೊದಲ ಆಯ್ಕೆಯಾಗಿ ಉಳಿದಿದೆ. ಹೆಮಟಾಕ್ಸಿಲಿನ್ ಬರುವುದು ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ. ಮೊದಲು ಅದು ಬಟ್ಟೆಗೆ ಹಾಕುವ ಬಣ್ಣವಾಗಿತ್ತು. ಬಣ್ಣಗಾರರು ಬಟ್ಟೆಯಲ್ಲಿ ಬಣ್ಣ ನಿಲ್ಲಲೆಂದು ಪಟಿಕಾರ ಸೇರಿಸುವಂತೆಯೇ ಇಲ್ಲಿಯೂ ಸೇರಿಸುತ್ತಾರೆ. ಕೋಶಕೇಂದ್ರ ನೀಲಿ ನೇರಳೆಗೆ, ಉಳಿದ ಭಾಗ ಗುಲಾಬಿಗೆ ತಿರುಗುತ್ತದೆ.

ಪಟ್ಟಿಯನ್ನು ಓದುವುದು

ಸೂಕ್ಷ್ಮದರ್ಶಕದಲ್ಲಿ ಮೊದಲು ಕಡಿಮೆ ಹಿಗ್ಗಿಸಿ ಒಟ್ಟು ವಿನ್ಯಾಸ ನೋಡುವುದು, ಆಮೇಲೆ ಹೆಚ್ಚಿಸಿ ಕೋಶಗಳನ್ನು ನೋಡುವುದು ಪದ್ಧತಿ. ಕ್ಯಾನ್ಸರ್‌ನಲ್ಲಿ ಕೋಶಕೇಂದ್ರಗಳು ಹಿಗ್ಗಿ, ಕಪ್ಪಾಗಿ, ಆಕಾರಗೆಟ್ಟಿರುತ್ತವೆ; ಕೋಶಗಳು ಮೇರೆ ಮೀರಿ ಪಕ್ಕದ ಅಂಗಾಂಶಕ್ಕೆ ನುಗ್ಗಿರುತ್ತವೆ. ಕ್ಷಯದಲ್ಲಿ ಗಿಣ್ಣಿನಂತೆ ಸತ್ತ ಅಂಗಾಂಶ ನಡುವೆ, ಅದರ ಸುತ್ತ ಉದ್ದನೆಯ ಎಪಿಥೀಲಿಯಾಯ್ಡ್ ಕೋಶಗಳು, ಅಂಚಿಗೆ ಕುದುರೆಲಾಳದಂತೆ ಕೇಂದ್ರಗಳನ್ನು ಜೋಡಿಸಿಕೊಂಡ ಲಾಂಗ್‌ಹಾನ್ಸ್ ದೈತ್ಯಕೋಶಗಳು: ಈ ಗೂಡಿಗೆ ಗ್ರಾನುಲೋಮಾ ಎನ್ನುತ್ತಾರೆ. ಭಾರತದಲ್ಲಿ ಪೆಥಾಲಜಿಸ್ಟ್ ದಿನವೂ ಎಂಬಂತೆ ಕಾಣುವ ಚಿತ್ರವಿದು. ತೊಡಕು ಶುರುವಾಗುವುದು ಇಲ್ಲಿಂದಲೇ. ಕುಷ್ಠ, ಶಿಲೀಂಧ್ರ ಸೋಂಕು, ಸಾರ್ಕಾಯ್ಡೋಸಿಸ್, ಕರುಳಿನ ಕ್ರೋನ್ ಕಾಯಿಲೆ, ಇವುಗಳೂ ಗ್ರಾನುಲೋಮಾ ಕಟ್ಟುತ್ತವೆ. ಕರುಳಿನ ಕ್ಷಯವನ್ನೂ ಕ್ರೋನ್ ಕಾಯಿಲೆಯನ್ನೂ ಬೇರ್ಪಡಿಸುವುದು ನಮ್ಮ ದೇಶದ ವೈದ್ಯರಿಗೆ ಕಠಿಣ ಪರೀಕ್ಷೆ. ಕ್ರೋನ್‌ಗೆ ಕೊಡುವ ಸ್ಟೀರಾಯ್ಡ್ ಕ್ಷಯವನ್ನು ಕೆರಳಿಸುತ್ತದೆ. ಅಲ್ಲಿ ಬಯಾಪ್ಸಿ, ಕೊಲೊನೊಸ್ಕೋಪಿಯಲ್ಲಿ ಕಂಡ ಹುಣ್ಣಿನ ಆಕಾರ, ಎದೆಯ ಎಕ್ಸ್‌ರೇ, ಕಲ್ಚರ್, ಕ್ಷಯದ ಔಷಧಕ್ಕೆ ರೋಗಿ ಸ್ಪಂದಿಸಿದ ಬಗೆ ಎಲ್ಲವನ್ನೂ ಒಂದೆಡೆ ಇಟ್ಟು ತೀರ್ಮಾನಿಸಬೇಕಾಗುತ್ತದೆ.

ಕೆಲವೊಮ್ಮೆ ಅಂಗಾಂಶವೇ ಏಕೈಕ ಸಾಕ್ಷಿ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಕಾಣುವ ರೈನೋಸ್ಪೊರಿಡಿಯೋಸಿಸ್ ಮೂಗಿನಲ್ಲಿ ಕೆಂಪು, ರಕ್ತ ಒಸರುವ ಗಡ್ಡೆ ಬೆಳೆಸುತ್ತದೆ. ಕೆರೆ, ಹೊಂಡಗಳಲ್ಲಿ ಮುಳುಗುವವರಲ್ಲಿ ಹೆಚ್ಚು. ಅದರ ಜೀವಾಣುವನ್ನು ಕಲ್ಚರಿನಲ್ಲಿ ಬೆಳೆಸಲಾಗದು. ಸೂಕ್ಷ್ಮದರ್ಶಕದಲ್ಲಿ ಸಾವಿರಾರು ಬೀಜಕಗಳನ್ನು ಹೊತ್ತ ದೊಡ್ಡ ದುಂಡು ಚೀಲಗಳು ಕಂಡರೆ ನಿದಾನ ಮುಗಿಯಿತು.

ಎರಡು ಬಣ್ಣಕ್ಕೆ ಬಗ್ಗದ ಪ್ರಶ್ನೆಗಳಿಗೆ ವಿಶೇಷ ಬಣ್ಣಗಳಿವೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಜೀಲ್–ನೀಲ್ಸನ್, ಕುಷ್ಠದ್ದಕ್ಕೆ ಅದರ ಮೃದು ರೂಪವಾದ ಫೈಟ್ ಬಣ್ಣ. ಅದರಾಚೆಗೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ: ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನು ಬಿಟ್ಟು, ಅದು ಅಂಟಿದ ಜಾಗವನ್ನು ಕಂದು ಬಣ್ಣದಲ್ಲಿ ತೋರಿಸುವ ವಿಧಾನ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಮಾನೊಕ್ಲೋನಲ್ ಪ್ರತಿಕಾಯ ತಯಾರಿಸುವ ದಾರಿ ಕಂಡುಕೊಂಡ ಮೇಲೆ ಇದು ಮನೆಮಾತಾಯಿತು. ಸ್ತನ ಕ್ಯಾನ್ಸರ್ ಆದವರ ವರದಿಯಲ್ಲಿ ಕಾಣುವ ಇಆರ್, ಪಿಆರ್, ಹರ್-2 ಎಂಬ ಅಕ್ಷರಗಳು ಈ ಪರೀಕ್ಷೆಯ ಫಲ. ಮಾತ್ರೆ ಸಾಕೇ, ದುಬಾರಿ ಚುಚ್ಚುಮದ್ದು ಬೇಕೇ ಎಂಬುದು ಅವುಗಳ ಮೇಲೆ ನಿಂತಿದೆ. ಮೂತ್ರಪಿಂಡದ ಬಯಾಪ್ಸಿಗಂತೂ ಮೂರು ಕಣ್ಣು ಬೇಕು: ಸಾಮಾನ್ಯ ಸೂಕ್ಷ್ಮದರ್ಶಕ, ಇಮ್ಯುನೊಫ್ಲೋರೆಸೆನ್ಸ್, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. 1968ರಲ್ಲಿ ಬರ್ಜೆ ವರ್ಣಿಸಿದ ಐಜಿಎ ನೆಫ್ರೊಪತಿ ಎರಡನೆಯ ಕಣ್ಣಿಲ್ಲದೆ ಖಚಿತವಾಗುವುದಿಲ್ಲ.

ರೋಗಿ ಆಪರೇಷನ್ ಮೇಜಿನ ಮೇಲಿರುವಾಗಲೇ ಉತ್ತರ ಬೇಕಾದರೆ ಮೇಣಕ್ಕೆ ಕಾಯುವಂತಿಲ್ಲ. ಆಗ ತುಂಡನ್ನು ಹಿಮಗಟ್ಟಿಸಿ ಕೊಯ್ದು, ಸುಮಾರು 20 ನಿಮಿಷದಲ್ಲಿ ಅಭಿಪ್ರಾಯ ಹೇಳುತ್ತಾರೆ. 1905ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಲೂಯಿಸ್ ವಿಲ್ಸನ್ ಈ ಫ್ರೋಜನ್ ಸೆಕ್ಷನ್ನನ್ನು ಬಳಕೆಗೆ ತಂದ. ಚಿತ್ರ ಅಷ್ಟು ಸ್ಪಷ್ಟವಿರದು. ಅದಕ್ಕೇ ಕೊನೆಯ ವರದಿ ಮೇಣದ ಪಟ್ಟಿಯಿಂದಲೇ ಬರುತ್ತದೆ.

ನಿದಾನ ತಪ್ಪುವುದು

ಚರಿತ್ರೆಯಲ್ಲಿ ಅತಿ ದೊಡ್ಡ ಬೆಲೆ ತೆತ್ತ ಬಯಾಪ್ಸಿ ಜರ್ಮನಿಯ ಯುವರಾಜ ಫ್ರೆಡರಿಕ್‌ನದು. 1887ರಲ್ಲಿ ಅವನ ದನಿ ಒಡೆಯಿತು. ಜರ್ಮನ್ ವೈದ್ಯರು ಗಂಟಲಿನ ಕ್ಯಾನ್ಸರ್ ಎಂದು ಶಸ್ತ್ರಚಿಕಿತ್ಸೆಗೆ ಸಿದ್ಧರಾದರು. ಇಂಗ್ಲೆಂಡಿನಿಂದ ಬಂದ ಮೊರೆಲ್ ಮೆಕೆಂಜಿ ಮೊದಲು ಅಂಗಾಂಶದ ಸಾಕ್ಷಿ ಬೇಕೆಂದು ಚೂರು ತೆಗೆದು ವಿರ್ಖೋಗೆ ಕಳಿಸಿದ. ವಿರ್ಖೋಗೆ ಅದರಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಕೊಟ್ಟ ಚೂರಿನಿಂದ ಇಡೀ ಕಾಯಿಲೆಯ ಬಗ್ಗೆ ಹೇಳಲಾಗದು ಎಂಬ ಎಚ್ಚರದ ಮಾತನ್ನೂ ಬರೆದ. ಆ ಎಚ್ಚರ ಯಾರ ಕಿವಿಗೂ ಬೀಳಲಿಲ್ಲ. ತಿಂಗಳುಗಳು ಕಳೆದವು, ಗಡ್ಡೆ ಬೆಳೆಯಿತು. 1888ರ ಮಾರ್ಚಿನಲ್ಲಿ ಪಟ್ಟಕ್ಕೆ ಬಂದ ಫ್ರೆಡರಿಕ್ 99 ದಿನ ಆಳಿ ಜೂನ್ 15ರಂದು ತೀರಿಕೊಂಡ. ಶವಪರೀಕ್ಷೆಯಲ್ಲಿ ಕ್ಯಾನ್ಸರ್ ಖಚಿತವಾಯಿತು. ವಿರ್ಖೋ ಕಂಡದ್ದು ಸುಳ್ಳಲ್ಲ. ಅವನ ಕೈಗೆ ಬಂದ ಚೂರಿನಲ್ಲಿ ರೋಗ ಇರಲಿಲ್ಲ, ಅಷ್ಟೇ. ‘ಕ್ಯಾನ್ಸರ್ ಕಂಡುಬಂದಿಲ್ಲ’ ಎಂಬ ವರದಿಗೆ ‘ಕ್ಯಾನ್ಸರ್ ಇಲ್ಲ’ ಎಂಬ ಅರ್ಥವಿಲ್ಲ. ಕೈಗೆ ಸಿಕ್ಕ ಗಂಟು ಒಂದು ಹೇಳಿ ವರದಿ ಇನ್ನೊಂದು ಹೇಳಿದರೆ ಮತ್ತೆ ಚೂರು ತೆಗೆಯಬೇಕು.

ತಪ್ಪಿನ ಇನ್ನೊಂದು ಮೂಲ ಬಹಳ ಸಣ್ಣದು: ಚೂರಿನ ಜೊತೆ ಕಳಿಸುವ ನಮೂನೆ. ಅದರಲ್ಲಿ ವಯಸ್ಸು, ಗಂಟಿನ ಜಾಗ, ರೋಗವೃತ್ತಾಂತ, ಹಿಂದಿನ ಚಿಕಿತ್ಸೆ, ಸ್ಕ್ಯಾನಿನಲ್ಲಿ ಕಂಡದ್ದು ಬರೆಯಲು ಜಾಗವಿರುತ್ತದೆ. ಅವಸರದ ವಾರ್ಡಿನಿಂದ ಅದು ‘ಗಂಟು, ಪರೀಕ್ಷೆಗಾಗಿ’ ಎಂಬ ಎರಡು ಪದ ಹೊತ್ತು ಬರುವುದುಂಟು. ಮೂಳೆಗಡ್ಡೆಗಳಲ್ಲಿ ಎಕ್ಸ್‌ರೇ ನೋಡದೆ ಪಟ್ಟಿ ಓದುವುದು ಅಪಾಯಕರ. ಮುರಿದ ಮೂಳೆ ಕೂಡಿಕೊಳ್ಳುವಾಗ ಬೆಳೆಯುವ ಹೊಸ ಅಂಗಾಂಶ ಸೂಕ್ಷ್ಮದರ್ಶಕದಲ್ಲಿ ಮೂಳೆಯ ಕ್ಯಾನ್ಸರಿನಂತೆಯೇ ಮೋಸ ಮಾಡಬಲ್ಲದು.

ಸೂಜಿ ಚುಚ್ಚಿದರೆ, ಕತ್ತಿ ತಾಗಿದರೆ ಗಡ್ಡೆ ಕ್ಯಾನ್ಸರಾಗಿ ಹರಡುತ್ತದೆ ಎಂಬ ಭಯ ನಮ್ಮ ಹಳ್ಳಿಪಟ್ಟಣಗಳಲ್ಲಿ ಆಳವಾಗಿದೆ. ಈ ಭಯದಿಂದ ತಿಂಗಳುಗಟ್ಟಲೆ ತಡಮಾಡಿ, ಗುಣವಾಗಬಹುದಾಗಿದ್ದ ಕಾಯಿಲೆಯನ್ನು ಕೈಮೀರಿಸಿಕೊಂಡವರು ಅನೇಕರು. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕೋಶ ನೆಲೆಯೂರುವುದು ಬಹಳ ಅಪರೂಪ. ವೃಷಣದ ಗಡ್ಡೆ, ಮಕ್ಕಳ ಕಣ್ಣಿನ ರೆಟಿನೊಬ್ಲಾಸ್ಟೋಮಾದಂಥ ಕೆಲವೆಡೆ ಸೂಜಿ ಹಾಕಬಾರದು ಎಂಬುದು ವೈದ್ಯರಿಗೆ ಗೊತ್ತಿರುವ ನಿಯಮ. ಅಲ್ಲಿ ಅವರೇ ಹಾಕುವುದಿಲ್ಲ.

ಭಾರತ, ಕರ್ನಾಟಕ

ಭಾರತದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ವಿ. ಆರ್. ಖಾನೋಲ್ಕರ್ ಪ್ರಮುಖರು. 1941ರಲ್ಲಿ ಮುಂಬಯಿಯಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗಾಲಯಗಳನ್ನು ಕಟ್ಟಿದವರು ಅವರೇ. ಸೊಂಟದ ಸುತ್ತ ಚರ್ಮದ ಕ್ಯಾನ್ಸರ್ ಆದವರನ್ನು ಕಂಡಾಗ ಅವರು ಪಟ್ಟಿ ಓದಿ ಸುಮ್ಮನಾಗಲಿಲ್ಲ. ಪಂಚೆಯನ್ನು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿದು ಕಟ್ಟುವುದರೊಡನೆ ಅದರ ನಂಟನ್ನು ಗುರುತಿಸಿದರು. ‘ಧೋತಿ ಕ್ಯಾನ್ಸರ್’ ಎಂಬ ಹೆಸರು 1945ರ ಅವರ ಬರಹದಿಂದ ಬಂದದ್ದು. ಪಟ್ಟಿ ಕ್ಯಾನ್ಸರ್ ಎಂದು ಹೇಳಬಲ್ಲದು. ಪಂಚೆಯ ವಿಷಯ ರೋಗಿಯ ಮೈ ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಕರ್ನಾಟಕದಲ್ಲಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಕ್ಯಾನ್ಸರ್ ನಿದಾನದ ದೊಡ್ಡ ಕೇಂದ್ರ. ಅಡಿಕೆಯಿಂದ ಬಾಯಿ ತೆರೆಯಲಾಗದಂತೆ ಕೆನ್ನೆ ಬಿಗಿದುಕೊಳ್ಳುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಮತ್ತು ಅದರ ಹಿಂದೆ ಬರಬಹುದಾದ ಬಾಯಿ ಕ್ಯಾನ್ಸರ್ ನಮ್ಮ ಪ್ರಯೋಗಾಲಯಗಳಿಗೆ ಚಿರಪರಿಚಿತ. ನಿಮ್ಹಾನ್ಸ್‌ನ ಮೆದುಳು ಬ್ಯಾಂಕ್ ದಾನವಾಗಿ ಬಂದ ಮೆದುಳುಗಳನ್ನು ಸಂಶೋಧನೆಗಾಗಿ ಕಾಪಾಡುತ್ತದೆ. ಹಾಸಿಗೆ ಮತ್ತು ಪ್ರಯೋಗಾಲಯ ಕೈಜೋಡಿಸಿದ್ದಕ್ಕೆ ಮಲೆನಾಡೇ ಸಾಕ್ಷಿ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ತೀವ್ರ ಜ್ವರ, ತಲೆಸಿಡಿತ, ರಕ್ತಸ್ರಾವ ಕಂಡಾಗ ಅದು ಹೊಸ ವೈರಸ್ ಎಂದು ಖಚಿತವಾದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಪರೀಕ್ಷೆಗಳಿಂದ. ಮಂಗನ ಕಾಯಿಲೆಯನ್ನು ಇಂದು ಜ್ವರದ ಮೊದಲ ದಿನಗಳಲ್ಲಿ ರಕ್ತದ ಆರ್‌ಟಿ-ಪಿಸಿಆರ್‌ನಿಂದ ಗುರುತಿಸುತ್ತಾರೆ. ಆದರೆ ಆ ಪರೀಕ್ಷೆ ಮಾಡಿಸಬೇಕೆಂದು ಹೊಳೆಯುವುದು ‘ಕಾಡಿಗೆ ಹೋಗಿದ್ದಿರಾ, ಮಂಗ ಸತ್ತಿತ್ತಾ’ ಎಂದು ಕೇಳಿದ ವೈದ್ಯನಿಗೆ.

ಕಾನೂನಿನ ಪ್ರಕರಣಗಳನ್ನು ಬಿಟ್ಟರೆ ಆಸ್ಪತ್ರೆಯಲ್ಲಿ ಶವಪರೀಕ್ಷೆ ಇಂದು ಬಹುತೇಕ ನಿಂತೇಹೋಗಿದೆ. ಇದು ನಷ್ಟ. ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ 1960, 1970 ಮತ್ತು 1980ರ ಶವಪರೀಕ್ಷೆಗಳನ್ನು ಲೀ ಗೋಲ್ಡ್‌ಮನ್ ಮತ್ತು ಸಂಗಡಿಗರು ಹೋಲಿಸಿದರು. ತಿಳಿದಿದ್ದರೆ ಚಿಕಿತ್ಸೆಯೇ ಬದಲಾಗುತ್ತಿದ್ದಂಥ ದೊಡ್ಡ ತಪ್ಪು ಪ್ರತಿ ಅವಧಿಯಲ್ಲೂ ಸುಮಾರು ಶೇ. 10ರಷ್ಟು ಇತ್ತು, ಹೊಸ ಸ್ಕ್ಯಾನುಗಳು ಬಂದರೂ ಅದು ಇಳಿದಿರಲಿಲ್ಲ.

ಮೇಣದ ಬ್ಲಾಕ್ ವರ್ಷಗಟ್ಟಲೆ ಕೆಡುವುದಿಲ್ಲ. ಐದು ವರ್ಷದ ಬಳಿಕ ಕಾಯಿಲೆ ಮರುಕಳಿಸಿದರೂ ಅದೇ ಬ್ಲಾಕಿನಿಂದ ಹೊಸ ಪದರ ಕೊಯ್ದು, ಆಗ ಇಲ್ಲದಿದ್ದ ಪರೀಕ್ಷೆಯನ್ನು ಈಗ ಮಾಡಬಹುದು. ಬೇರೆ ಆಸ್ಪತ್ರೆಯ ಅಭಿಪ್ರಾಯ ಬೇಕೆನಿಸಿದರೆ ಗಾಜಿನ ಪಟ್ಟಿ ಮತ್ತು ಬ್ಲಾಕನ್ನು ಕೇಳಿ ಪಡೆಯಿರಿ. ಬಯಾಪ್ಸಿ ವರದಿಯ ಮೂಲಪ್ರತಿಯನ್ನು, ಅದರ ಮೇಲಿರುವ ಸಂಖ್ಯೆಯ ಸಹಿತ, ಮನೆಯ ಜಮೀನು ಪತ್ರಗಳಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ.